ಸ್ವಂತ ಮೇಲ್ ಸರ್ವರ್ ಇದೆ, ಆಫೀಸಿನ ಕಂಪ್ಯೂಟರುಗಳಿಗೆ ಯಾವ ಮೇಲ್ ಸಾಫ್ಟ್‌ವೇರ್ ಹಾಕುವುದು?

ಬದಿಯಡ್ಕದ ವ್ಯಾಪಾರಿ:

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ನಮ್ಮದು ಅಡಿಕೆ, ಕಾಳುಮೆಣಸು, ಗೇರುಬೀಜದ ವ್ಯಾಪಾರ. ಆಫೀಸಿನಲ್ಲಿ 9 ಕಂಪ್ಯೂಟರ್, ಕುಂಬಳೆ ಗೋಡೌನಿನಲ್ಲಿ 3. ಮೂರು ವರ್ಷದ ಹಿಂದೆ ಸ್ವಂತ ಡೊಮೈನ್ ತೆಗೆದುಕೊಂಡು ಮೇಲ್ ಸರ್ವರನ್ನೂ ನಾವೇ ಇಟ್ಟುಕೊಂಡೆವು. ನೆಟ್‌ನಲ್ಲಿ ಬಾಡಿಗೆಗೆ ಸಿಗುವ ಸರ್ವರ್ (ವಿಪಿಎಸ್), ಅದರ ಮೇಲೆ ಮೇಲ್ ಕಳಿಸಲು, ಪಡೆಯಲು ಪೋಸ್ಟ್‌ಫಿಕ್ಸ್ ಮತ್ತು ಬಂದ ಮೇಲನ್ನು ನಮ್ಮ ಕಂಪ್ಯೂಟರುಗಳಿಗೆ ಕೊಡಲು ಡವ್‌ಕಾಟ್. ತಂಗಿಯ ಮಗ ಹಾಕಿಕೊಟ್ಟದ್ದು, ಅವನೀಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಸರ್ವರಿನದ್ದು ತಕರಾರಿಲ್ಲ. ಮೇಲ್ ನಿಜವಾಗಿ ನಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಲ್ಲ ಸರಿ ಉಂಟು, ನಮ್ಮ ಮೇಲ್ ಯಾರ ಸ್ಪ್ಯಾಮಿಗೂ ಹೋಗುತ್ತಿಲ್ಲ.

ತಲೆನೋವು ಇರುವುದು ಮೇಜಿನ ಮೇಲೆ. ಒಬ್ಬೊಬ್ಬರದು ಒಂದೊಂದು. ಮ್ಯಾನೇಜರ್ ಲ್ಯಾಪ್‌ಟಾಪಿನಲ್ಲಿ ಔಟ್‌ಲುಕ್ 2016. ನಾಲ್ಕು ಕಂಪ್ಯೂಟರಿನಲ್ಲಿ ವಿಂಡೋಸ್ ಜೊತೆಗೇ ಬರುವ ಮೇಲ್ ಆ್ಯಪ್ ಇತ್ತು, ಅದನ್ನು ಮೈಕ್ರೋಸಾಫ್ಟ್ 2024ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು, ಈಗ ಆ ಜಾಗದಲ್ಲಿ ಹೊಸ ಔಟ್‌ಲುಕ್ ಬಂದು ಕೂತಿದೆ. ಉಳಿದವರು ಬ್ರೌಸರಿನಲ್ಲಿ ರೌಂಡ್‌ಕ್ಯೂಬ್ ಅನ್ನುವ ವೆಬ್‌ಮೇಲ್ ತೆರೆಯುತ್ತಾರೆ.

ಕಳೆದ ಜುಲೈಯಲ್ಲಿ ನಡೆದದ್ದು ಹೇಳುತ್ತೇನೆ. ರಾಜ್‌ಕೋಟಿನ ಒಬ್ಬ ಖರೀದಿದಾರರು 40 ಚೀಲ ಚಾಲಿ ಅಡಿಕೆಗೆ ಹಣ ಹಾಕಿದ ವಿವರವನ್ನು ಮೇಲ್ ಮಾಡಿದ್ದೇನೆ ಅಂತ ಫೋನ್ ಮಾಡಿದರು. ಲೆಕ್ಕ ನೋಡುವ ಹುಡುಗಿ ಹುಡುಕಿ ಹುಡುಕಿ ಸಾಕಾದಳು, ಅಂಥ ಮೇಲೇ ಇಲ್ಲ. ಗೋಡೌನಿನ ಎದುರು ಲಾರಿ ನಿಂತಿದೆ, ಜೋರು ಮಳೆ, ಟಾರ್ಪಾಲು ಎಳೆದು ಡ್ರೈವರ್ ಕಾಯುತ್ತಿದ್ದಾನೆ, ಹಣ ಬಂದದ್ದು ಖಾತ್ರಿಯಾಗದೆ ನಾನು ಮಾಲು ಬಿಡುವ ಹಾಗಿಲ್ಲ. ಕೊನೆಗೆ ಗೊತ್ತಾಯಿತು, ಮೇಲ್ ಬಂದಿತ್ತು. ಮ್ಯಾನೇಜರ್ ಅದೇ ಖಾತೆಯನ್ನು ಪಾಪ್ ಅನ್ನುವ ಕ್ರಮದಲ್ಲಿ ಇಟ್ಟಿದ್ದಾರೆ. ಬೆಳಿಗ್ಗೆ ಅವರು ಔಟ್‌ಲುಕ್ ತೆರೆದ ಕೂಡಲೇ ಮೇಲೆಲ್ಲ ಅವರ ಲ್ಯಾಪ್‌ಟಾಪಿಗೆ ಇಳಿದು ಸರ್ವರಿನಿಂದ ಅಳಿದುಹೋಗಿದೆ. ಆ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ, ಬ್ಯಾಗ್ ಮಂಗಳೂರಿನ ಬಸ್ಸಿನಲ್ಲಿ.

ಇನ್ನು ಹೀಗೆ ಆಗಬಾರದು. 12 ಕಂಪ್ಯೂಟರಿಗೂ ಒಂದೇ ಸಾಫ್ಟ್‌ವೇರ್ ಹಾಕಬೇಕು ಅಂತ ಇದ್ದೇನೆ. ಮಳೆಗಾಲದಲ್ಲಿ ನೆಟ್ ಹೋಗುವುದು ಜಾಸ್ತಿ, ಆಗಲೂ ಹಳೆ ಮೇಲ್ ಓದಲು ಆಗಬೇಕು. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಪತ್ರ ಬರುತ್ತದೆ, ಮೂರೂ ಸರಿಯಾಗಿ ಕಾಣಬೇಕು. ದುಡ್ಡು ಕೊಡಬೇಕಾದರೆ ಕೊಡುತ್ತೇನೆ, ಆದರೆ ಕೊಟ್ಟದ್ದಕ್ಕೆ ಕಾರಣ ಬೇಕು. ಯಾವುದು ಹಾಕಲಿ?

ಮಂಜೇಶ್ವರ_ಸರ್ವರ್:

ಮಾರಾಯ್ರೇ, ಮೊದಲು ಆ ಪಾಪ್ ತೆಗೆಸಿ. ಸಾಫ್ಟ್‌ವೇರಿನ ಮಾತು ಆಮೇಲೆ. ಒಂದು ಖಾತೆಯನ್ನು ಇಬ್ಬರು ನೋಡುವ ಕಡೆ ಪಾಪ್ ಇರಲೇಬಾರದು. ಅದರ ಬದಲು ಐಮ್ಯಾಪ್ ಅನ್ನುವ ಕ್ರಮ ಇದೆ, ಅದರಲ್ಲಿ ಮೇಲ್ ಸರ್ವರಿನಲ್ಲೇ ಉಳಿಯುತ್ತದೆ, ಪ್ರತಿ ಕಂಪ್ಯೂಟರೂ ಅದನ್ನೇ ನೋಡುತ್ತದೆ. ನಿಮಗೆ ಆ ದಿನ ಲಾರಿ ನಿಂತದ್ದು ಇದೊಂದೇ ಕಾರಣಕ್ಕೆ.

ಉಪ್ಪಳದಿಂದ ಕಾಸರಗೋಡಿನವರೆಗೆ ಏಳೆಂಟು ಸಣ್ಣ ಆಫೀಸುಗಳ ಮೇಲ್ ನಾನು ನೋಡಿಕೊಳ್ಳುತ್ತೇನೆ. ನನ್ನ ಉತ್ತರ ಥಂಡರ್‌ಬರ್ಡ್. 2004ರ ಡಿಸೆಂಬರಿನಲ್ಲಿ ಅದರ 1.0 ಬಂತು, ಇವತ್ತಿಗೂ ಬೆಳೆಯುತ್ತಾ ಇದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ವ್ಯಾಪಾರಕ್ಕೂ ಉಚಿತ, ಜನರ ದೇಣಿಗೆಯಿಂದ ನಡೆಯುತ್ತದೆ. ಐಮ್ಯಾಪ್ ಖಾತೆ ಹಾಕಿದರೆ ಮೇಲ್‌ನ ಒಂದು ಪ್ರತಿಯನ್ನು ಕಂಪ್ಯೂಟರಿನಲ್ಲೂ ತಾನಾಗಿಯೇ ಇಟ್ಟುಕೊಳ್ಳುತ್ತದೆ, ಹಾಗಾಗಿ ನೆಟ್ ಹೋದರೂ ಓದಬಹುದು. ಬರೆದ ಮೇಲ್ ಔಟ್‌ಬಾಕ್ಸಿನಲ್ಲಿ ಕೂತಿರುತ್ತದೆ, ನೆಟ್ ಬಂದ ಮೇಲೆ ಕಳಿಸಿದರಾಯಿತು.

ಈಗ ಹೊಸ ಔಟ್‌ಲುಕ್ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ, ಸ್ವಂತ ಸರ್ವರ್ ಇಟ್ಟುಕೊಂಡವರಿಗೆ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ಹೊಸ ಔಟ್‌ಲುಕ್‌ಗೆ ಐಮ್ಯಾಪ್ ಖಾತೆ ಸೇರಿಸಿದರೆ ನಿಮ್ಮ ಕಂಪ್ಯೂಟರ್ ನಿಮ್ಮ ಸರ್ವರಿನ ಜೊತೆ ನೇರ ಮಾತಾಡುವುದಿಲ್ಲ. ಯೂಸರ್‌ನೇಮ್, ಪಾಸ್‌ವರ್ಡ್ ಮೈಕ್ರೋಸಾಫ್ಟಿನ ಸರ್ವರಿಗೆ ಹೋಗುತ್ತದೆ. ಅದು ನಿಮ್ಮ ಪರವಾಗಿ ಲಾಗಿನ್ ಆಗಿ ಮೇಲ್ ಎಳೆದುಕೊಂಡು ತನ್ನ ಕ್ಲೌಡಿನಲ್ಲಿ ಪ್ರತಿ ಇಡುತ್ತದೆ. ನೀವು ನೋಡುವುದು ಆ ಪ್ರತಿಯನ್ನು. 2023ರ ನವೆಂಬರಿನಲ್ಲಿ ಜರ್ಮನಿಯ ಹೈಸೆ ಪತ್ರಿಕೆಯವರು ಇದನ್ನು ಪರೀಕ್ಷೆ ಮಾಡಿ ಬರೆದರು. ಇದು ಗುಟ್ಟಿನ ಕೆಲಸವೂ ಅಲ್ಲ, ಖಾತೆ ಸೇರಿಸುವಾಗ ಕ್ಲೌಡ್ ಜೊತೆ ಸಿಂಕ್ ಆಗುತ್ತದೆ ಅಂತ ಒಂದು ಪರದೆ ಬರುತ್ತದೆ, ಓದದೆ ಮುಂದೆ ಒತ್ತುವವರೇ ಎಲ್ಲ. ನಾನು ಒಂದು ಪರೀಕ್ಷೆಯ ಖಾತೆ ಮಾಡಿ ಡವ್‌ಕಾಟಿನ ಲಾಗ್ (ಯಾರು ಯಾವಾಗ ಲಾಗಿನ್ ಆದರು ಅನ್ನುವ ದಾಖಲೆ) ತೆರೆದಿಟ್ಟುಕೊಂಡು ನೋಡಿದೆ. ಥಂಡರ್‌ಬರ್ಡಿನಲ್ಲಿ ಲಾಗಿನ್ ಆದಾಗ ಲಾಗಿನಲ್ಲಿ ಬಂದದ್ದು ನಮ್ಮ ಬ್ರಾಡ್‌ಬ್ಯಾಂಡಿನ ಐಪಿ, ಅಂದರೆ ನೆಟ್‌ನಲ್ಲಿ ನಮ್ಮ ವಿಳಾಸದ ಸಂಖ್ಯೆ. ಹೊಸ ಔಟ್‌ಲುಕ್ ಹಾಕಿದಾಗ ಬಂದದ್ದು ಮೈಕ್ರೋಸಾಫ್ಟಿನ ಐಪಿ, ಕಂಪ್ಯೂಟರ್ ಆಫ್ ಮಾಡಿದ ಮೇಲೂ ಅದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು. ನಿಮ್ಮ ಸರ್ವರ್ ನಿಮ್ಮದೇ ಆಗಿರಲಿ ಅಂತ ಅಲ್ವಾ ಇಷ್ಟು ಕಷ್ಟ ಪಟ್ಟದ್ದು? ಆ ನಾಲ್ಕು ಕಂಪ್ಯೂಟರಿನಿಂದ ಅದನ್ನು ತೆಗೆದು ಆ ನಾಲ್ಕೂ ಖಾತೆಯ ಪಾಸ್‌ವರ್ಡ್ ಬದಲಿಸಿ. ಇವತ್ತೇ ಮಾಡಿ.

ಇಎಂ ಕ್ಲೈಂಟ್ ಅಂತ ಇನ್ನೊಂದು ಇದೆ, ನೋಡಲು ಚೆಂದ, ಕ್ಯಾಲೆಂಡರ್ ಚೆನ್ನಾಗಿದೆ. ಆದರೆ ಅದರ ಉಚಿತ ಆವೃತ್ತಿ ಸ್ವಂತ ಬಳಕೆಗೆ ಮಾತ್ರ, ಆಫೀಸಿಗೆ ಲೈಸೆನ್ಸ್ ತೆಗೆದುಕೊಳ್ಳಲೇಬೇಕು. 12 ಕಂಪ್ಯೂಟರಿಗೆ ಲೆಕ್ಕ ಹಾಕಿ ನೋಡಿ.

ಕಾಸರಗೋಡು_ಲೆಕ್ಕಪತ್ರ:

ಮೇಲಿನವರು ಹೊಸ ಔಟ್‌ಲುಕ್ ಬಗ್ಗೆ ಹೇಳಿದ್ದು ಸರಿ. ಆದರೆ ಹಳೆಯ ಔಟ್‌ಲುಕ್ ಬೇರೆ, ಹೊಸತು ಬೇರೆ. ಹೆಸರು ಒಂದೇ ಆದ್ದರಿಂದ ಜನ ಎರಡನ್ನೂ ಒಟ್ಟಿಗೆ ಬಯ್ಯುತ್ತಾರೆ. ಆಫೀಸ್ ಜೊತೆ ಬರುವ ಕ್ಲಾಸಿಕ್ ಔಟ್‌ಲುಕ್ ನಿಮ್ಮ ಐಮ್ಯಾಪ್ ಸರ್ವರಿಗೆ ನೇರವಾಗಿಯೇ ಲಾಗಿನ್ ಆಗುತ್ತದೆ. 2029ರವರೆಗಾದರೂ ಅದಕ್ಕೆ ಬೆಂಬಲ ಇರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಆದರೆ ನಿಮ್ಮ ಮ್ಯಾನೇಜರರ 2016ಕ್ಕೆ ಅಲ್ಲ, ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅದನ್ನು ನೆಟ್‌ಗೆ ಹಾಕಿಕೊಂಡು ಕೂರುವುದು ಬೇಡ.

ನಾನು ಇಪ್ಪತ್ತು ವರ್ಷದಿಂದ ಔಟ್‌ಲುಕ್‌ನಲ್ಲೇ ಕೆಲಸ ಮಾಡುವವನು. ವರ್ಡಿನಿಂದ ಮೇಲ್ ಮರ್ಜ್ ಮಾಡಿ 300 ಜನಕ್ಕೆ ಅವರವರ ಹೆಸರಿನಲ್ಲಿ ಬಾಕಿ ಪತ್ರ ಕಳಿಸಲು ಅದು ಬೇಕೇ ಬೇಕು. ಥಂಡರ್‌ಬರ್ಡಿಗೂ ಮೇಲ್ ಮರ್ಜ್ ಆ್ಯಡ್‌ಆನ್ ಇದೆ, ಬಳಸಿ ನೋಡಿದೆ, ಕೆಲಸ ಆಗುತ್ತದೆ, ಆದರೆ ನನ್ನ ಕೈಗೆ ಒಗ್ಗಲಿಲ್ಲ. ಟ್ಯಾಲಿಗೋಸ್ಕರ ಔಟ್‌ಲುಕ್ ಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಟ್ಯಾಲಿಪ್ರೈಮ್‌ನಲ್ಲಿ ಎಸ್‌ಎಂಟಿಪಿ (ಮೇಲ್ ಕಳಿಸುವ ಸರ್ವರಿನ) ವಿವರ ಹಾಕಿದರೆ ಬಿಲ್ಲನ್ನು ಅದೇ ನೇರ ಕಳಿಸುತ್ತದೆ.

ಔಟ್‌ಲುಕ್ ಇಟ್ಟುಕೊಳ್ಳುವುದಾದರೆ ಎರಡು ಮಾತು ನೆನಪಿರಲಿ. ಒಂದು, ಸ್ವಂತ ಸರ್ವರಿನ ಕ್ಯಾಲೆಂಡರ್ ಸಾಮಾನ್ಯವಾಗಿ ಕ್ಯಾಲ್‌ಡ್ಯಾವ್ ಅನ್ನುವ ಕ್ರಮದಲ್ಲಿ ಇರುತ್ತದೆ, ಔಟ್‌ಲುಕ್‌ಗೆ ಆ ಭಾಷೆ ಬರುವುದಿಲ್ಲ. ಕ್ಯಾಲ್‌ಡ್ಯಾವ್ ಸಿಂಕ್ರೊನೈಸರ್ ಅಂತ ಉಚಿತ ಪ್ಲಗಿನ್ ಹಾಕಬೇಕು. ಎರಡನೆಯದು ವಿನ್‌ಮೇಲ್ ಡಾಟ್ ಡ್ಯಾಟ್ ಅನ್ನುವ ಫೈಲಿನ ಕಾಟ. ನನ್ನ ಒಬ್ಬ ಗ್ರಾಹಕರು ವಾರಗಟ್ಟಲೆ ನನ್ನ ಮೇಲೆ ಸಿಟ್ಟಾಗಿದ್ದರು, ಪಿಡಿಎಫ್ ಕಳಿಸುತ್ತೇನೆ ಅಂತ ಹೇಳಿ ಏನೋ ತೆರೆಯದ ಫೈಲ್ ಕಳಿಸುತ್ತೀರಿ ಅಂತ. ನನ್ನ ಔಟ್‌ಲುಕ್‌ನ ವಿಳಾಸ ಪಟ್ಟಿಯಲ್ಲಿ ಅವರ ಹೆಸರಿಗೆ ಮಾತ್ರ ಮೇಲ್ ಕಳಿಸುವ ರೂಪ ರಿಚ್ ಟೆಕ್ಸ್ಟ್ ಅಂತ ಆಗಿತ್ತು. ಹಾಗೆ ಕಳಿಸಿದ ಮೇಲನ್ನು ಬೇರೆ ಸಾಫ್ಟ್‌ವೇರಿನಲ್ಲಿ ತೆರೆದರೆ ಅಟ್ಯಾಚ್‌ಮೆಂಟೆಲ್ಲ ಆ ಒಂದು ಡ್ಯಾಟ್ ಫೈಲಿನೊಳಗೆ ಹೋಗಿ ಸೇರುತ್ತದೆ. ಎಚ್‌ಟಿಎಂಎಲ್‌ಗೆ ಬದಲಿಸಿದೆ, ಸರಿಹೋಯಿತು. ಅರ್ಧ ಆಫೀಸು ಔಟ್‌ಲುಕ್, ಅರ್ಧ ಥಂಡರ್‌ಬರ್ಡ್ ಅಂತ ಇದ್ದರೆ ಇದು ಒಂದಲ್ಲ ಒಂದು ದಿನ ಬರುತ್ತದೆ.

ಎಲ್ಲರಿಗೂ ಒಂದೇ ಹಾಕಬೇಕು ಅನ್ನುವ ಹಟ ಬೇಡ ಅಂತ ನನ್ನ ಅಭಿಪ್ರಾಯ. ಮ್ಯಾನೇಜರಿಗೆ ಔಟ್‌ಲುಕ್ ಬೇಕು ಅಂದರೆ ಹೊಸ ಆಫೀಸ್ ಒಂದು ತೆಗೆದುಕೊಡಿ. ಐಮ್ಯಾಪ್‌ನಲ್ಲಿ ಇರಲಿ, ಅಷ್ಟೇ.

ಬದಿಯಡ್ಕದ ವ್ಯಾಪಾರಿ:

ಇಬ್ಬರಿಗೂ ತುಂಬಾ ಧನ್ಯವಾದ. ನಾಲ್ಕು ದಿನ ಆಯಿತು. ಹೊಸ ಔಟ್‌ಲುಕ್ ತೆಗೆದೆವು, ಪಾಸ್‌ವರ್ಡ್ ಬದಲಿಸಿದೆವು. ಮೊದಲು ನಾಲ್ಕು ಕಂಪ್ಯೂಟರಿಗೆ ಥಂಡರ್‌ಬರ್ಡ್ ಹಾಕಿದ್ದೇವೆ. ಪ್ರತಿಯೊಬ್ಬರಿಗೂ ಅವರ ಖಾತೆ, ಅದರ ಜೊತೆ ಎಲ್ಲರೂ ನೋಡುವ "ಮಾರಾಟ" ಖಾತೆ.

ಮೊದಲ ದಿನ ಎಲ್ಲ ಸಲೀಸಾಗಿತ್ತು. ಎರಡನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಮೂರನೆಯ ಮೇಜಿನಲ್ಲಿ ಸರ್ವರಿಗೆ ಕನೆಕ್ಟ್ ಆಗುತ್ತಿಲ್ಲ ಅಂತ ಬರಲು ಶುರುವಾಯಿತು, ಒಬ್ಬರು ಮುಚ್ಚಿದರೆ ಇನ್ನೊಬ್ಬರಿಗೆ ಕನೆಕ್ಟ್ ಆಗುತ್ತದೆ. ಮಧ್ಯಾಹ್ನ ಇನ್ನೂ ದೊಡ್ಡದು. ಆಫೀಸಿನಲ್ಲಿ ಯಾರಿಗೂ ಮೇಲ್ ಇಲ್ಲ, ಕುಂಬಳೆಯವರಿಗೆ ಮಾತ್ರ ಬರುತ್ತಿದೆ. ಹತ್ತು ನಿಮಿಷದಲ್ಲಿ ತಾನಾಗಿಯೇ ಸರಿಯಾಯಿತು, ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು. ಎಂತ ಇದು?

ಇನ್ನೊಂದು. ಕಳಿಸಿದ ಮೇಲ್ ಒಬ್ಬರದು ಸೆಂಟ್ ಅನ್ನುವ ಫೋಲ್ಡರಿನಲ್ಲಿ, ಮ್ಯಾನೇಜರದು ಸೆಂಟ್ ಐಟಮ್ಸ್‌ನಲ್ಲಿ. ಯಾರು ಯಾರಿಗೆ ಉತ್ತರ ಕೊಟ್ಟರು ಅಂತ ಗೊತ್ತಾಗುವುದೇ ಇಲ್ಲ.

ಮಂಜೇಶ್ವರ_ಸರ್ವರ್:

ಎರಡೂ ಗೊತ್ತಿರುವ ಕಾಯಿಲೆಗಳೇ, ಹೆದರಬೇಡಿ.

ಮೊದಲನೆಯದು. ಒಂದೇ ಖಾತೆಗೆ ಒಂದೇ ಐಪಿಯಿಂದ ಒಟ್ಟಿಗೆ 10 ಐಮ್ಯಾಪ್ ಕನೆಕ್ಷನ್ ಮಾತ್ರ ಅಂತ ಡವ್‌ಕಾಟಿನಲ್ಲಿ ಮಿತಿ ಇರುತ್ತದೆ. ಥಂಡರ್‌ಬರ್ಡ್ ಒಂದು ಖಾತೆಗೆ 5ರವರೆಗೆ ಕನೆಕ್ಷನ್ ತೆರೆದಿಟ್ಟುಕೊಳ್ಳುತ್ತದೆ. ನಿಮ್ಮ ಆಫೀಸಿನ ಕಂಪ್ಯೂಟರೆಲ್ಲ ಹೊರಗೆ ಹೋಗುವುದು ಒಂದೇ ಬ್ರಾಡ್‌ಬ್ಯಾಂಡ್ ಐಪಿಯಿಂದ. ಎರಡು ಮೇಜಿಗೇ 10 ಮುಗಿಯಿತು, ಮೂರನೆಯವರು ಹೊರಗೆ. ನಿಮ್ಮ ಲಾಗಿನಲ್ಲಿ ಕನೆಕ್ಷನ್ ಮಿತಿ ಮೀರಿತು ಅಂತ ಸಾಲು ಇದ್ದೇ ಇರುತ್ತದೆ. ಸರ್ವರಿನಲ್ಲಿ ಆ 10ನ್ನು 60 ಮಾಡಲು ಅಳಿಯನಿಗೆ ಹೇಳಿ, ಒಂದು ಸಾಲಿನ ಕೆಲಸ. ಜೊತೆಗೆ ಥಂಡರ್‌ಬರ್ಡಿನ ಸರ್ವರ್ ಸೆಟ್ಟಿಂಗಿನ ಅಡ್ವಾನ್ಸ್ಡ್‌ನಲ್ಲಿ 5 ಇರುವುದನ್ನು 3 ಮಾಡಿ.

ಎರಡನೆಯದು ಸರ್ವರಿಗೆ ಕಾವಲಿರುವ ಫೇಲ್‌ಟುಬ್ಯಾನ್ ಅನ್ನುವ ಸಾಫ್ಟ್‌ವೇರಿನ ಕೆಲಸ ಇರಬೇಕು. ಹತ್ತು ನಿಮಿಷದೊಳಗೆ 5 ಸಲ ತಪ್ಪು ಪಾಸ್‌ವರ್ಡ್ ಬಂದರೆ ಆ ಐಪಿಯನ್ನೇ ಹತ್ತು ನಿಮಿಷ ಹೊರಗೆ ಹಾಕುವುದು ಅದರ ಮೂಲ ಲೆಕ್ಕ. ನೀವು ನಾಲ್ಕು ಖಾತೆಯ ಪಾಸ್‌ವರ್ಡ್ ಬದಲಿಸಿದ್ದೀರಿ ಅಲ್ವಾ? ಎಲ್ಲೋ ಒಂದು ಕಡೆ ಹಳೆ ಪಾಸ್‌ವರ್ಡ್ ಉಳಿದಿದೆ. ಯಾರದೋ ಮೊಬೈಲ್ ಆಫೀಸಿನ ವೈಫೈಯಲ್ಲಿ ಕೂತು ಅದನ್ನೇ ಬಡಿಯುತ್ತಾ ಇರಬಹುದು, ಅಥವಾ ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಪ್ರಿಂಟರ್. ಪ್ರಿಂಟರನ್ನು ಎಲ್ಲರೂ ಮರೆಯುತ್ತಾರೆ. ಒಬ್ಬನ ತಪ್ಪಿಗೆ ಇಡೀ ಆಫೀಸು ಹೊರಗೆ, ಕುಂಬಳೆಯವರ ಐಪಿ ಬೇರೆ ಆದ್ದರಿಂದ ಅವರಿಗೆ ಏನೂ ಆಗಲಿಲ್ಲ. ಮೊದಲು ಆ ಮೊಬೈಲನ್ನೋ ಪ್ರಿಂಟರನ್ನೋ ಹುಡುಕಿ. ಆಫೀಸಿನದು ಸ್ಟ್ಯಾಟಿಕ್ (ಬದಲಾಗದ) ಐಪಿ ಆದರೆ ಫೇಲ್‌ಟುಬ್ಯಾನಿನಲ್ಲಿ ಅದಕ್ಕೆ ವಿನಾಯಿತಿ ಕೊಡಬಹುದು. ಫೇಲ್‌ಟುಬ್ಯಾನನ್ನೇ ನಿಲ್ಲಿಸಲು ಮಾತ್ರ ಹೋಗಬೇಡಿ.

ಸೆಂಟ್ ಫೋಲ್ಡರ್: ಒಂದೊಂದು ಸಾಫ್ಟ್‌ವೇರ್ ತನ್ನದೇ ಹೆಸರಿನಲ್ಲಿ ಫೋಲ್ಡರ್ ಮಾಡುತ್ತದೆ. ಕಳಿಸಿದ್ದು ಇದಕ್ಕೆ ಅಂತ ಸರ್ವರಿನಲ್ಲೇ ಒಂದು ಫೋಲ್ಡರಿಗೆ ಗುರುತು ಹಾಕಲು ಬರುತ್ತದೆ, ಅದನ್ನು ಮಾಡಿಸಿ. ಆಮೇಲೆ ಥಂಡರ್‌ಬರ್ಡಿನ ಕಾಪೀಸ್ ಆಂಡ್ ಫೋಲ್ಡರ್ಸ್‌ನಲ್ಲಿ ಎಲ್ಲರಿಗೂ ಅದೇ ಆರಿಸಿ.

ಹಂಚಿದ ಖಾತೆಗೆ ಒಂದು ಉಪಾಯ ಹೇಳುತ್ತೇನೆ, ನಮ್ಮ ಕಡೆಯ ಆಫೀಸುಗಳಲ್ಲಿ ಇದು ತುಂಬಾ ಕೆಲಸಕ್ಕೆ ಬಂದಿದೆ. ಥಂಡರ್‌ಬರ್ಡಿನಲ್ಲಿ 5 ಬಣ್ಣದ ಟ್ಯಾಗ್ ಮೊದಲೇ ಇರುತ್ತವೆ, ಮೇಲನ್ನು ಆರಿಸಿ ಕೀಬೋರ್ಡಿನಲ್ಲಿ 1ರಿಂದ 5ರವರೆಗೆ ಒಂದು ಅಂಕೆ ಒತ್ತಿದರೆ ಬಣ್ಣ ಹತ್ತುತ್ತದೆ. ಆ ಗುರುತು ಸರ್ವರಿನಲ್ಲಿ ಉಳಿಯುತ್ತದೆ. ಹೆಸರುಗಳನ್ನು ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ಬದಲಿಸಿಕೊಳ್ಳಿ. 1 ಅಂದರೆ ಹಣ ಬಂತು, 2 ಅಂದರೆ ಮಾಲು ಬಿಡಬಹುದು, ಹೀಗೆ. ಬದಿಯಡ್ಕದಲ್ಲಿ ಲೆಕ್ಕದವರು 1 ಒತ್ತಿದರೆ ಕುಂಬಳೆಯ ಪರದೆಯಲ್ಲಿ ಆ ಸಾಲು ಕೆಂಪಾಗುತ್ತದೆ. ಫೋನ್ ಮಾಡಿ ಕೇಳುವುದೇ ಬೇಡ. ಔಟ್‌ಲುಕ್‌ನಲ್ಲಿ ಇದು ಕಾಣುವುದಿಲ್ಲ, ಹಂಚಿದ ಖಾತೆ ನೋಡುವವರೆಲ್ಲ ಥಂಡರ್‌ಬರ್ಡ್‌ನಲ್ಲೇ ಇರಲಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಆ್ಯಂಟಿವೈರಸ್ ಬಗ್ಗೆಯೂ ಹೇಳಿಬಿಡುತ್ತೇನೆ. ಥಂಡರ್‌ಬರ್ಡ್ ಒಂದು ಫೋಲ್ಡರಿನ ಮೇಲನ್ನೆಲ್ಲ ಒಂದೇ ಫೈಲಿನಲ್ಲಿ ಇಡುತ್ತದೆ. ಒಂದು ಕೆಟ್ಟ ಮೇಲ್ ಸಿಕ್ಕಿತು ಅಂತ ಆ್ಯಂಟಿವೈರಸ್ ಇಡೀ ಇನ್‌ಬಾಕ್ಸ್ ಫೈಲನ್ನು ಎತ್ತಿಕೊಂಡು ಹೋದದ್ದನ್ನು ನೋಡಿದ್ದೇನೆ. ಐಮ್ಯಾಪ್ ಆದರೆ ಸರ್ವರಿನಿಂದ ಮತ್ತೆ ಇಳಿಯುತ್ತದೆ, ಪಾಪ್ ಆದರೆ ಹೋಯಿತು. ಸೆಟ್ಟಿಂಗಿನಲ್ಲಿ, ಒಂದೊಂದೇ ಮೇಲನ್ನು ಬೇರೆ ಮಾಡಲು ಆ್ಯಂಟಿವೈರಸ್‌ಗೆ ಬಿಡುವ ಆಯ್ಕೆ ಇದೆ, ಅದನ್ನು ಟಿಕ್ ಮಾಡಿ.

ನೀರ್ಚಾಲು_ಶಾಲೆ:

ಭಾಷೆಯ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಾನು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವವಳು, ನಮಗೂ ಮೂರು ಭಾಷೆಯಲ್ಲಿ ಪತ್ರ ಬರುತ್ತದೆ. ಥಂಡರ್‌ಬರ್ಡಿನಲ್ಲಿ ಯೂನಿಕೋಡ್ ಕನ್ನಡ, ಮಲಯಾಳ ಎರಡೂ ಚೆನ್ನಾಗಿ ಕಾಣುತ್ತವೆ. ಅಕ್ಷರ ಸಣ್ಣದಾಗಿ ಕಂಡರೆ ಫಾಂಟ್ ಸೆಟ್ಟಿಂಗಿನಲ್ಲಿ ಕನ್ನಡಕ್ಕೆ ಬೇರೆ, ಮಲಯಾಳಕ್ಕೆ ಬೇರೆ ಅಳತೆ ಕೊಡಬಹುದು. ನಾನು ಕನ್ನಡಕ್ಕೆ ನಿರ್ಮಲಾ ಯುಐ ಇಟ್ಟು ಎರಡು ಅಂಕ ಜಾಸ್ತಿ ಮಾಡಿದ್ದೇನೆ, ಒತ್ತಕ್ಷರ ಸ್ಪಷ್ಟ ಕಾಣುತ್ತದೆ.

ಕಷ್ಟ ಬರುವುದು ಯೂನಿಕೋಡ್ ಅಲ್ಲದ ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಅದನ್ನೇ ಮೇಲಿಗೆ ಅಂಟಿಸಿದಾಗ. ನಮ್ಮ ಕಡೆಯ ಎಷ್ಟೋ ಜನರಿಗೆ ಇನ್ನೂ ಅದೇ ಅಭ್ಯಾಸ. ಕಳಿಸಿದವರ ಕಂಪ್ಯೂಟರಿನಲ್ಲಿ ಚೆಂದದ ಕನ್ನಡ, ನಮ್ಮಲ್ಲಿ ಮೇಲೆ ಗೆರೆ ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ. ಇದನ್ನು ಯಾವ ಮೇಲ್ ಸಾಫ್ಟ್‌ವೇರೂ ಸರಿ ಮಾಡುವುದಿಲ್ಲ, ಔಟ್‌ಲುಕ್ ಆದರೂ ಅಷ್ಟೇ. ಅಂಥ ಮೇಲ್ ಬಂದರೆ ಯೂನಿಕೋಡಿಗೆ ಬದಲಿಸುವ ಸಾಧನದಲ್ಲಿ ಹಾಕಿ ಓದಬೇಕು, ಕಳಿಸಿದವರಿಗೆ ಯೂನಿಕೋಡಿನಲ್ಲಿ ಬರೆಯಿರಿ ಅಂತ ಹೇಳಬೇಕು. ನಾನು ಹೇಳಿ ಹೇಳಿ ಆರು ಜನರನ್ನು ಬದಲಿಸಿದ್ದೇನೆ.

ವಿಂಡೋಸ್ 11 ಹತ್ತದ ಹಳೆ ಕಂಪ್ಯೂಟರ್ ನಿಮ್ಮಲ್ಲಿ ಇದ್ದರೆ ಬಿಸಾಡಬೇಡಿ. ಲಿನಕ್ಸ್ ಹಾಕಿ ಅದರ ಮೇಲೆ ಥಂಡರ್‌ಬರ್ಡ್ ಹಾಕಿ. ಕೇರಳದ ಶಾಲೆಗಳಲ್ಲಿ ಮಕ್ಕಳು ಸರಕಾರಿ ಸಂಸ್ಥೆ ಕೈಟ್‌ನ ಗ್ನೂ ಲಿನಕ್ಸಿನಲ್ಲೇ ಕಲಿಯುವುದು, ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ. ಇಲ್ಲಿ ಓದಿದ ಹುಡುಗ ಹುಡುಗಿಯರು ನಿಮ್ಮಲ್ಲಿ ಕೆಲಸಕ್ಕೆ ಬಂದರೆ ಅವರಿಗೆ ಅದು ಹೊಸತಲ್ಲ.

ಬದಿಯಡ್ಕದ ವ್ಯಾಪಾರಿ:

ಪ್ರಿಂಟರೇ! ಮೂಲೆಯಲ್ಲಿರುವ ಸ್ಕ್ಯಾನರ್ ಪ್ರಿಂಟರಿನಲ್ಲಿ ಹಳೆ ಪಾಸ್‌ವರ್ಡ್ ಇತ್ತು. ಬದಲಿಸಿದ ಮೇಲೆ ಆಫೀಸು ಒಮ್ಮೆಯೂ ಹೊರಗೆ ಬಿದ್ದಿಲ್ಲ. ಕನೆಕ್ಷನ್ ಮಿತಿಯನ್ನು ಅಳಿಯ ಅಲ್ಲಿಂದಲೇ ಬದಲಿಸಿದ, ಐದು ನಿಮಿಷ ಹಿಡಿಯಲಿಲ್ಲ. ಸೆಟ್ಟಿಂಗ್ ತಾನಾಗಿಯೇ ತುಂಬಿಸುವ ಆಟೋಕಾನ್ಫಿಗ್ ಫೈಲನ್ನೂ ಡೊಮೈನಿನಲ್ಲಿ ಇಟ್ಟಿದ್ದಾನೆ, ಈಗ ಹೆಸರು, ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಸಾಕು, 993, 465 ಅಂತ ಪೋರ್ಟ್ ಯಾರೂ ಟೈಪ್ ಮಾಡಬೇಕಾಗಿಲ್ಲ. ಉಳಿದ ಕಂಪ್ಯೂಟರುಗಳಿಗೆ ಲೆಕ್ಕದ ಹುಡುಗಿಯೇ ಹಾಕಿದಳು. ಟ್ಯಾಗಿನ ಉಪಾಯ ಅವಳಿಗೆ ಬಹಳ ಹಿಡಿಸಿದೆ. ಕುಂಬಳೆಯವರು ನಿನ್ನೆ ಕೆಂಪು ಸಾಲು ನೋಡಿಯೇ ಎರಡು ಲೋಡ್ ಬಿಟ್ಟರು.

ಮ್ಯಾನೇಜರ್ ಒಪ್ಪಿದ್ದಾರೆ, ಅವರೂ ಥಂಡರ್‌ಬರ್ಡಿಗೆ ಬರುತ್ತಾರೆ. ಆದರೆ ಅವರ ಲ್ಯಾಪ್‌ಟಾಪಿನಲ್ಲಿ ಮೂರು ವರ್ಷದ ಪಾಪ್ ಮೇಲ್ ಪಿಎಸ್‌ಟಿ ಅನ್ನುವ ಔಟ್‌ಲುಕ್ ಫೈಲಿನಲ್ಲಿ ಉಂಟು, 11 ಜಿಬಿ. ನಾಳೆ ಔಟ್‌ಲುಕ್ ತೆಗೆಯಬಹುದಾ?

ಮಂಜೇಶ್ವರ_ಸರ್ವರ್:

ನಾಳೆ ಬೇಡ! ಆ ಮೇಲಿಗೆ ಬೇರೆ ಎಲ್ಲೂ ಪ್ರತಿ ಇಲ್ಲ. ಮೊದಲು ಔಟ್‌ಲುಕ್ ಮುಚ್ಚಿ ಪಿಎಸ್‌ಟಿ ಫೈಲನ್ನು ಒಂದು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ವಿಪಿಎಸ್‌ನಲ್ಲಿ 11 ಜಿಬಿಗೆ ಜಾಗ ಉಂಟಾ ನೋಡಿ. ಆಮೇಲೆ ಅದೇ ಔಟ್‌ಲುಕ್‌ನಲ್ಲಿ ಖಾತೆಯನ್ನು ಐಮ್ಯಾಪ್ ಆಗಿ ಇನ್ನೊಮ್ಮೆ ಸೇರಿಸಿ, ಸರ್ವರಿನಲ್ಲಿ ವರ್ಷಕ್ಕೊಂದು ಫೋಲ್ಡರ್ ಮಾಡಿ, ಪಿಎಸ್‌ಟಿಯಿಂದ ಮೇಲನ್ನು ಅದಕ್ಕೆ ಕಾಪಿ ಮಾಡಿ. ಎಳೆದು ಹಾಕುವುದು ಬೇಡ, ಕಾಪಿಯೇ ಮಾಡಿ, ನಡುವೆ ಕರೆಂಟ್ ಹೋದರೆ ಮೂಲ ಉಳಿಯುತ್ತದೆ. ಒಂದೇ ಸಲ ಎಲ್ಲ ಹಾಕಿದರೆ ಔಟ್‌ಲುಕ್ ನಿಂತುಬಿಡುತ್ತದೆ, ಎರಡು ಮೂರು ತಿಂಗಳಿನದ್ದು ಒಂದೊಂದು ಸಲ, ರಾತ್ರಿ ಹೊತ್ತು. ರೌಂಡ್‌ಕ್ಯೂಬ್ ತೆರೆದು ಫೋಲ್ಡರಿನ ಮೇಲ್ ಸಂಖ್ಯೆ ಪಿಎಸ್‌ಟಿಯ ಸಂಖ್ಯೆಗೆ ಸರಿ ಹೋಗುತ್ತದಾ ನೋಡಿ. ಸರಿ ಹೋದ ಮೇಲೆ ಪಾಪ್ ಖಾತೆ ತೆಗೆಯಿರಿ, ಡಿಸ್ಕಿನ ಪ್ರತಿಯನ್ನು ಬೀರುವಿನಲ್ಲಿ ಇಡಿ. ಅಳಿಯ ಸರ್ವರಿನ ಬ್ಯಾಕಪ್ ಎಲ್ಲಿಗೆ ತೆಗೆಯುತ್ತಿದ್ದಾನೆ ಅಂತಲೂ ಕೇಳಿ. ಐಮ್ಯಾಪ್‌ನಲ್ಲಿ ಒಬ್ಬರು ಅಳಿಸಿದರೆ 12 ಕಂಪ್ಯೂಟರಿನಿಂದಲೂ ಅಳಿಯುತ್ತದೆ.